ಮುಳುಗು ಗುಡಿಗೆ ಮುಂಜಾನೆಯ ಬೆಳಕು

ಫೆಬ್ರುವರಿ 12, ಬುಧವಾರ

ಎಡಗೈ ಎತ್ತಲು ಇನ್ನೂ ಆಗುತ್ತಿಲ್ಲ. ಬಲಗೈ ಪರವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾತಾಡುವುದು ಕಷ್ಟ. ಮುಂದಿನ ಎರಡು ಹಲ್ಲಿದ್ದ ಜಾಗದಿಂದ ಗಾಳಿ ನುಗ್ಗಿ 'ಸ' ಎಂದರೆ ಸಿಳ್ಳೆಯಾಗುತ್ತದೆ. ಸುಕನ್ಯ ಎಂದು ಕರೆದರೆ ಹೆಂಡತಿಯ ಹೆಸರೇ ಸಿಳ್ಳೆ. ಅವಳು ನಗಲಿಲ್ಲ.

ಭಾನುವಾರ ಹಂಪಾಪುರದಲ್ಲಿ ಸಿದ್ದಯ್ಯನವರ ಮಗಳ ಮದುವೆ. ಕೋಟೆ ಪಟ್ಟಣದಲ್ಲಿ ಸ್ಟುಡಿಯೊ ಇಟ್ಟ ಮೇಲೆ ಇಂಥ ಎಷ್ಟೋ ಮದುವೆ ತೆಗೆದಿದ್ದೇನೆ. ಧಾರೆ ಎರೆಯುವ ಹೊತ್ತಿಗೆ ಸಿದ್ದಯ್ಯನವರ ತಂಗಿಯ ಮಗ ಯತೀಶ ಕ್ಯಾಮೆರಾಕ್ಕೆ ಅಡ್ಡ ನಿಂತ. ಚೆನ್ನಾಗಿ ಕುಡಿದಿದ್ದ. "ಸ್ವಲ್ಪ ಸರ್ಕೊಳಿ ಸಾರ್, ಧಾರೆ ಕಾಣ್ತಿಲ್ಲ" ಎಂದೆ. ಅಷ್ಟೇ ನಾನು ಅಂದದ್ದು.

ಊಟದ ಹೊತ್ತಿನಲ್ಲಿ ಅಡುಗೆಯವರ ಕಡೆ ಕೈ ತೊಳೆಯಲು ಹೋದಾಗ ಹಿಂದಿನಿಂದ ಬಂದ. "ನಮ್ ಮಾವನ್ ಮಗಳ್ ಮದ್ವೇಲಿ ನಂಗೇ ಸರ್ಕೋ ಅಂತೀಯೇನ್ಲಾ?" ಮೊದಲ ಏಟು ಬಾಯಿಗೇ ಬಿತ್ತು. ಬಿದ್ದ ಮೇಲೆ ಇನ್ನಷ್ಟು ಜನ ಸೇರಿದರು. ನನಗೆ ಕಂಡದ್ದು ಚಪ್ಪಲಿಗಳು ಮಾತ್ರ. ಅನ್ನ ಬಸಿದ ಗಂಜಿ ಹರಿಯುತ್ತಿದ್ದ ಮೋರಿಯಲ್ಲಿ ನನ್ನ ಮುಖ ಇತ್ತು. ಗಂಜಿ ಇನ್ನೂ ಬಿಸಿಯಾಗಿತ್ತು. ಕೊರಳಿನಲ್ಲಿದ್ದ ಕ್ಯಾಮೆರಾ ಕಿತ್ತು ಕಲ್ಲಿಗೆ ಬಡಿದದ್ದು ಕೇಳಿಸಿತು. ಎಲೆ ಮುಂದೆ ಕೂತವರು ಎದ್ದು ಬಂದು ನೋಡಿದರು. ನೋಡಿ ಹೋಗಿ ಮತ್ತೆ ಕೂತರು.

ಆಮೇಲೆ ಸಿದ್ದಯ್ಯನವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಶುಭಕಾರ್ಯ ಕಣ್ರೀ ಮೂರ್ತಿ, ಸ್ಟೇಷನ್ನು ಗೀಷನ್ನು ಅಂತ ಬ್ಯಾಡ. ಅವನ್ಗೆ ನಾನೇಳ್ತೀನಿ" ಎಂದರು. ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ.

ಫೆಬ್ರುವರಿ 20, ಗುರುವಾರ

ಸ್ಟುಡಿಯೊ ಬಾಗಿಲು ತೆಗೆದೆ, ಹಳೇ ಕ್ಯಾಮೆರಾ ಒಂದಿತ್ತು. ಯಾರಾದರೂ ಜೋರಾಗಿ ಒಳಗೆ ಬಂದರೆ ಮೈ ತಾನಾಗಿಯೇ ಗೋಡೆಗೆ ಅಂಟಿಕೊಳ್ಳುತ್ತದೆ. ಮಧ್ಯಾಹ್ನ ಪಾಸ್‌ಪೋರ್ಟ್ ಫೋಟೊಗೆ ಬಂದ ಮೇಷ್ಟ್ರೊಬ್ಬರು ಅಂಗಿ ಸರಿಮಾಡಿಕೊಳ್ಳಲು ಕೈ ಎತ್ತಿದರು. ನಾನು ಮುಖಕ್ಕೆ ತೋಳು ಅಡ್ಡ ಹಿಡಿದೆ. "ಏನಾಯ್ತ್ರೀ?" ಎಂದು ಕೇಳಿದರು. ಲೈಟು ಕಣ್ಣಿಗೆ ಹೊಡೆಯಿತು ಎಂದೆ.

ಸಂಜೆ ಸುಕನ್ಯ ಕೋಳಿ ತರಲು ಹೇಳಿದ್ದಳು. ಅಂಗಡಿಯವನು ಕತ್ತು ಹಿಡಿದದ್ದು ನೋಡಿ ತಲೆ ಸುತ್ತಿತು. ಮೊದಲಿನಿಂದಲೂ ನನಗೆ ಅದು ಆಗುವುದಿಲ್ಲ. ಬದನೆಕಾಯಿ ತಂದೆ.

ಫೆಬ್ರುವರಿ 27, ಗುರುವಾರ

ಪಕ್ಕದ ಮೊಬೈಲ್ ಅಂಗಡಿ ವೆಂಕಟೇಶ ಟೀ ತಂದ. ನನ್ನ ಜೊತೆ ಓದಿದವನು. ಸುತ್ತಮುತ್ತಲ ಸುದ್ದಿಯೆಲ್ಲ ಅವನ ಕಿವಿಗೆ ಬಿದ್ದೇ ಬೀಳುತ್ತದೆ. "ನಿನ್ ಹಲ್ ಮುರ್ದೋನು ಈಗ ಕಲ್ಲಂಗಡಿ ಸಾವ್ಕಾರ ಕಣ್ಲಾ. ಹಿನ್ನೀರ್ ಇಳ್ದಿರೋ ಜಾಗದಲ್ಲಿ ಹಾಕವ್ನೆ, ಮುಳುಗು ಗುಡಿ ತಾವ" ಎಂದ.

"ನಂಗ್ಯಾಕೆ ಅದು?" ಎಂದೆ. ಟೀ ಕುಡಿದೆವು. ಹೊಸ ಹಲ್ಲಿಗೆ ಅಳತೆ ಕೊಟ್ಟು ಬಂದಿದ್ದೇನೆ.

ಮಾರ್ಚ್ 4, ಮಂಗಳವಾರ

ಇವತ್ತು ಬಹಳ ದಿನದ ಮೇಲೆ ಮನಸ್ಸಿಗೆ ಒಂದು ಉಲ್ಲಾಸ. ಬೆಳಿಗ್ಗೆ ಎದ್ದವನಿಗೆ ಇದ್ದಕ್ಕಿದ್ದ ಹಾಗೆ ಮುಳುಗು ಗುಡಿ ನೆನಪಾಯಿತು. ಎನ್. ಬೇಗೂರಿನ ಆಚೆ, ಕಬಿನಿ ಹಿನ್ನೀರಿನಲ್ಲಿರುವ ಕಲ್ಲಿನ ಗುಡಿ. ಅಣೆಕಟ್ಟೆ ಕಟ್ಟಿದಾಗ ಊರಿನ ಜೊತೆ ಮುಳುಗಿದ್ದು, ಬೇಸಿಗೆಯಲ್ಲಿ ಮಾತ್ರ ಮೇಲೇಳುತ್ತದೆ. ಮೊದಲು ಗೋಪುರದ ತುದಿ, ಆಮೇಲೆ ಕಂಬಗಳು, ಏಪ್ರಿಲ್ ಕೊನೆಗೆ ಮೆಟ್ಟಿಲು. ಎಲ್ಲರೂ ಮೊಬೈಲಿನಲ್ಲಿ ತೆಗೆದು ಹಾಕುತ್ತಾರೆ. ಯಾರೂ ಸರಿಯಾಗಿ ತೆಗೆದಿಲ್ಲ.

ಜೀವನವಿಡೀ ಬೇರೆಯವರ ಹಾರ, ಬೇರೆಯವರ ಮಂಟಪ ತೆಗೆದದ್ದಾಯಿತು. ನನಗಾಗಿ ಒಂದು ಫೋಟೊ ತೆಗೆಯುತ್ತೇನೆ. ಅವಸರ ಬೇಡ. ಮೊದಲು ಹೋಗಿ ಜಾಗ ನೋಡಬೇಕು, ಬೆಳಕು ನೋಡಬೇಕು, ನೀರು ಎಷ್ಟು ಇಳಿಯುತ್ತದೆ ಕೇಳಬೇಕು. ಸುಕನ್ಯಳಿಗೆ ಹೇಳಿದೆ. "ಓಗಿ ಬನ್ನಿ, ಮನ್ಸಿಗೂ ಒಳ್ಳೇದು" ಎಂದಳು. ಅವಳ ಮುಖ ನೋಡಿ ಖುಷಿಯಾಯಿತು.

ಮಾರ್ಚ್ 16, ಭಾನುವಾರ

ಮುಳುಗು ಗುಡಿ ನೋಡಿ ಬಂದೆ. ಹಿನ್ನೀರಿನಲ್ಲಿ ಮೀನು ಹಿಡಿಯುವ ಚಿಕ್ಕಮಾದಯ್ಯ ತೆಪ್ಪದಲ್ಲಿ ಸುತ್ತ ಒಂದು ಸುತ್ತು ಹಾಕಿಸಿದ. ವಯಸ್ಸಾದವನು, ಮಾತು ಕಡಿಮೆ. ಗುಡಿ ಅರ್ಧ ಮೇಲೆದ್ದಿದೆ. ಕಂಬಗಳಿಗೆ ಪಾಚಿ ಒಣಗಿ ಬಿಳಿ ಚರ್ಮದ ಹಾಗೆ ಸುಲಿಯುತ್ತಿದೆ. ಸುತ್ತ ಸತ್ತ ಮರಗಳ ಬೊಡ್ಡೆಗಳು.

ಎಲ್ಲಿ ನಿಂತು ತೆಗೆಯಬೇಕು ಎಂದು ದಡದುದ್ದಕ್ಕೂ ನಡೆದೆ. ಸೂರ್ಯ ಬೆನ್ನ ಹಿಂದೆ ಹುಟ್ಟಬೇಕು, ಗುಡಿ ಎದುರಿಗಿರಬೇಕು, ನೆರಳು ನೀರಿನಲ್ಲಿ ಇಡಿಯಾಗಿ ಬೀಳಬೇಕು. ಅಂಥ ಜಾಗ ಇರುವುದು ಒಂದೇ. ಕಲ್ಲಂಗಡಿ ಹೊಲದ ಅಂಚು, ಡೀಸೆಲ್ ಪಂಪು ಇಟ್ಟಿರುವಲ್ಲಿ.

ಝೂಮ್ ಹಾಕಿ ನೋಡಿದೆ. ಪಂಪಿನ ಹತ್ತಿರ ಒಬ್ಬ ಬಗ್ಗಿ ಪೈಪು ಜೋಡಿಸುತ್ತಿದ್ದ. ಎದ್ದು ನಿಂತು ಸೊಂಟ ಹಿಡಿದುಕೊಂಡ. ಅವನೇ. ಕ್ಯಾಮೆರಾದಿಂದ ಕಣ್ಣು ತೆಗೆಯಲು ಆಗಲಿಲ್ಲ. ಬಾಯಲ್ಲಿ ಗಂಜಿಯ ರುಚಿ ಬಂತು.

ಮುಂದೊಂದು ದಿನ ಬೆಳಗಿನ ಜಾವವೇ ಹೋಗಿ ನೋಡಬೇಕು. ಸಂಜೆಯ ಬೆಳಕು ಉಪಯೋಗವಿಲ್ಲ.

ಮಾರ್ಚ್ 31, ಸೋಮವಾರ

ವರ್ಷದ ತೊಡಕು, ಯುಗಾದಿಯ ಮರುದಿನದ ಬಾಡೂಟ. ಅಂಗಡಿಯಲ್ಲಿ ನೂಕುನುಗ್ಗಲು, ಅದಕ್ಕೆ ಕೋಳಿ ಜೀವಂತ ತಂದು ಹಿತ್ತಿಲಲ್ಲಿ ನಾನೇ ಕುಯ್ದೆ. ಏನೂ ಆಗಲಿಲ್ಲ. ಕತ್ತು ತಿರುಗಿಸಿ ಹಿಡಿದರೆ ಬೇಗ ಆಗುತ್ತದೆ. ಸುಕನ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿಮ್ಗೆ ಇದು ಆಗ್ತಿರ್ಲಿಲ್ವಲ್ಲ" ಎಂದಳು. ಅಭ್ಯಾಸ ಎಂದೆ. ಊಟ ಚೆನ್ನಾಗಿತ್ತು. ಹೊಸ ಹಲ್ಲಿನಲ್ಲಿ ಮೂಳೆ ಕಡಿಯಲೂ ಆಯಿತು.

ಏಪ್ರಿಲ್ 9, ಬುಧವಾರ

ನಸುಕಿಗೇ ಹೋಗಿದ್ದೆ. ಇದು ಮೂರನೆಯ ಸಲವೋ ನಾಲ್ಕನೆಯದೋ. ಈಗ ಎಲ್ಲ ತಿಳಿದಿದೆ. ಸೂರ್ಯ ಹೊಲದ ಹಿಂದಿನ ಬೋಳುಗುಡ್ಡದ ಎಡಭುಜದಿಂದ ಹುಟ್ಟುತ್ತಾನೆ. ಮೊದಲ ಬೆಳಕು ಗೋಪುರಕ್ಕೆ, ಆಮೇಲೆ ನಿಧಾನವಾಗಿ ಕಂಬಕ್ಕೆ ಇಳಿಯುತ್ತದೆ. ಅಷ್ಟು ಹೊತ್ತೂ ಗಾಳಿ ಇರುವುದಿಲ್ಲ, ನೀರು ಕನ್ನಡಿ. ಗಾಳಿ ಎದ್ದರೆ ಮುಗಿಯಿತು.

ಅವನು ಬೆಳಕು ಹರಿಯುವ ಮುಂಚೆ ಟಿವಿಎಸ್‌ನಲ್ಲಿ ಡೀಸೆಲ್ ಕ್ಯಾನ್ ಇಟ್ಟುಕೊಂಡು ಬರುತ್ತಾನೆ. ಗಾಡಿ ಹುಣಸೆಮರದ ಹತ್ತಿರವೇ ನಿಲ್ಲಿಸಬೇಕು, ಮುಂದೆ ಕೆಸರು. ಜೊತೆಗೆ ಹೆಂಡತಿ ಪ್ರಿಯಾ ಬರುವುದು ಕಳೆ ಕೀಳುವ ದಿನಗಳಲ್ಲಿ. ಗುರುವಾರ ಅವಳ ಸ್ತ್ರೀಶಕ್ತಿ ಸಂಘ, ಬರುವುದಿಲ್ಲ. ಪಂಪು ಶುರುವಾದರೆ ಆ ಸದ್ದಿಗೆ ಪಕ್ಕದಲ್ಲಿ ಕೂಗಿದರೂ ಕೇಳದು.

ತೆಪ್ಪ ದಡಕ್ಕೆ ಹಚ್ಚುತ್ತ ಚಿಕ್ಕಮಾದಯ್ಯ ಕೇಳಿದ: "ಫೋಟೊದೋರೇ, ಒಂದ್ ಮಾತ್ ಕೇಳ್ಲಾ? ನೀವ್ ಬರಾದು ಗುಡಿ ನೋಡಾಕೋ, ಆ ಯತೀಶಪ್ಪನ ನೋಡಾಕೋ?"

"ಅವ್ನು ನನ್ ಫ್ರೇಮಲ್ಲಿ ಅಡ್ಡ ಬತ್ತಾನೆ ಮಾದಯ್ಯ. ಅದಕ್ಕೆ ನೋಡ್ಕೋಬೇಕು" ಎಂದೆ.

ನಿಜವೂ ಹೌದು. ಮುಂಭಾಗ ಖಾಲಿ ಇರದಿದ್ದರೆ ಇಷ್ಟು ದಿನ ಓಡಾಡಿದ್ದೆಲ್ಲ ದಂಡ.

ಏಪ್ರಿಲ್ 18, ಶುಕ್ರವಾರ

ಮಳೆ. ನಿನ್ನೆ ಗುರುವಾರ ವ್ಯರ್ಥವಾಯಿತು. ಆಕಾಶದ ಮೇಲೆ ಇಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತಿರಲಿಲ್ಲ. ಆಲ್ಬಮ್ ತಡವಾಯಿತೆಂದು ರೇಗಿದ ಗಿರಾಕಿಯ ಮುಂದೆ ಗಾಜಿನ ಫ್ರೇಮು ನೆಲಕ್ಕೆ ಹೊಡೆದೆ. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಇಷ್ಟು ವರ್ಷ ವಿನಯದಿಂದ ಆಗದ್ದು ಒಂದು ಫ್ರೇಮಿನಿಂದ ಆಯಿತು.

ಸುಕನ್ಯ ತಾನೂ ಗುಡಿ ನೋಡಲು ಬರುತ್ತೇನೆ ಎಂದು ಹಠ ಹಿಡಿದಳು. ಬೇಡ ಎಂದೆ. "ಅಲ್ ಅವ್ನಿದಾನಂತೆ. ವೆಂಕಟೇಶಣ್ಣ ಯೋಳುದ್ರು. ನೀವು ಫೋಟೊಗೆ ಓಯ್ತಿಲ್ಲ" ಎಂದಳು. ಕೈ ಹಿಡಿದು ಬೇಡ ಎಂದು ಇನ್ನೊಂದು ಸಲ ಹೇಳಿದೆ. ಮಣಿಕಟ್ಟಿನ ಬಳೆ ಒಡೆಯಿತು. ಸಣ್ಣ ಗಾಯ. ಹಳೇ ಬಳೆ ಇದ್ದಿರಬೇಕು.

ಏಪ್ರಿಲ್ 23, ಬುಧವಾರ

ಆಕಾಶ ತೊಳೆದ ಹಾಗಿದೆ. ನೀರು ಮೆಟ್ಟಿಲಿನವರೆಗೂ ಇಳಿದಿದೆ ಎಂದು ಚಿಕ್ಕಮಾದಯ್ಯ ಫೋನು ಮಾಡಿದ್ದ. ನಾಳೆಯೇ. ಬ್ಯಾಟರಿ ಚಾರ್ಜಿಗೆ ಹಾಕಿದೆ. ಲೆನ್ಸ್ ಒರೆಸಿದೆ. ಟ್ರೈಪಾಡಿನ ಕಾಲಿಗೆ ಕೆಸರಿನಲ್ಲಿ ಹೂತುಹೋಗದ ಹಾಗೆ ಹಲಗೆ ತುಂಡು ಕಟ್ಟಿದೆ. ಹಳೇ ಲೈಟ್ ಸ್ಟ್ಯಾಂಡಿನ ಕಬ್ಬಿಣದ ಕೊಳವೆ ಒಂದಿತ್ತು, ಅದನ್ನೂ ಚೀಲದಲ್ಲಿಟ್ಟೆ. ಆನೆ ಓಡಾಡುವ ಜಾಗ. ಕೈಯಲ್ಲೊಂದು ಇರಲಿ.

ಏಪ್ರಿಲ್ 24, ಗುರುವಾರ

ಎಲ್ಲವನ್ನೂ ನಡೆದ ಹಾಗೇ ಬರೆಯುತ್ತೇನೆ.

ಹೋದಾಗ ಇನ್ನೂ ಮಸುಕು. ಪಂಪಿನ ಪಕ್ಕ ಟ್ರೈಪಾಡು ನಿಲ್ಲಿಸಿದೆ. ಚಿಕ್ಕಮಾದಯ್ಯ ಸ್ವಲ್ಪ ದೂರದಲ್ಲಿ ಬಲೆ ಎತ್ತುತ್ತಿದ್ದ. ಟಿವಿಎಸ್ ಸದ್ದು ಬಂತು, ಹುಣಸೆಮರದ ಹತ್ತಿರ ನಿಂತಿತು. ಅವನು ಕ್ಯಾನ್ ಹಿಡಿದು ಕೆಸರು ತುಳಿಯುತ್ತ ಬಂದ. ನನ್ನನ್ನು ನೋಡಿ ಬೆದರುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕ.

"ಏನಣ್ಣ, ಗುಡಿ ಫೋಟೊನಾ? ತೆಗೀರಿ ತೆಗೀರಿ. ಮೈಸೂರಿಂದೆಲ್ಲ ಬತ್ತಾರೆ ಇಲ್ಗೆ. ಅಣ್ ತಿಂತೀರಾ? ಬೆಳಗಿನ್ ತಂಪ್ಗೆ ಸಂದಾಗಿರ್ತದೆ."

ಕುಡಿದಿರಲಿಲ್ಲ. ಕುಡಿಯದ ಅವನ ಮುಖ ಬೇರೆಯೇ, ಸಾಧಾರಣ ಮುಖ. ಬಗ್ಗಿ ಕಾಯಿಗಳನ್ನು ಬೆರಳಲ್ಲಿ ತಟ್ಟಿ ನೋಡತೊಡಗಿದ.

"ನಾನ್ಯಾರು ಗೊತ್ತಾಯ್ತಾ?" ಎಂದೆ.

ತಲೆ ಎತ್ತಿ ನೋಡಿದ. "ಗೊತ್ತಾಗ್ನಿಲ್ವಲ್ಲಣ್ಣ. ಯಾವೂರು?"

ಅವನಿಗೆ ನೆನಪೇ ಇರಲಿಲ್ಲ. ಎರಡು ತಿಂಗಳು ನಾನು ಹಗಲೂ ರಾತ್ರಿ ನೋಡಿದ ಮುಖಕ್ಕೆ ನನ್ನ ಮುಖದ ನೆನಪೇ ಇಲ್ಲ. ಕೊಳವೆ ಕೈಗೆ ಯಾವಾಗ ಬಂತೋ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಒದ್ದೆ ಬಟ್ಟೆ ಒಗೆದಂಥ ಸದ್ದು. ಕಲ್ಲಂಗಡಿ ಬಳ್ಳಿಯ ಮೇಲೆ ಬಿದ್ದ. ಏಳಲು ನೆಲಕ್ಕೆ ಕೈಯೂರಿದ, ಆ ಕೈಗೆ ಹೊಡೆದೆ. ಮೂಳೆ ಮುರಿದದ್ದು ಕೊಳವೆಯಿಂದ ನನ್ನ ಅಂಗೈಗೇ ತಿಳಿಯಿತು. "ಬುಡಣ್ಣ, ಯಾರಣ್ಣ ನೀನು, ಯಾಕಣ್ಣ" ಎಂದು ಒಂದೇ ಸಮ ಕೂಗಿದ. ಹಲ್ಲು ಸೆಟ್ಟು ತೆಗೆದು ಬಾಯಿ ತೆರೆದು ತೋರಿಸಿದೆ. "ನೋಡು. ಈಗ ಗೊತ್ತಾಯ್ತಾ? ಹಂಪಾಪುರ. ಸರ್ಕೋ ಅಂದಿದ್ದೆ ನಿಂಗೆ." ಅವನು ಕಣ್ಣು ಬಿಟ್ಟುಕೊಂಡು ನೋಡಿದ. ತಿಳಿಯಿತೋ ಇಲ್ಲವೋ. ಆ ಮುಖಕ್ಕೇ ಹೊಡೆದೆ. ದವಡೆ ಒಂದು ಕಡೆಗೆ ಜಾರಿತು. ಕಣ್ಣಿನ ಹತ್ತಿರ ಬಿದ್ದದ್ದು ನಾನು ಗುರಿಯಿಟ್ಟದ್ದಲ್ಲ. ಅವನು ಹೊರಳಿದ. ಅವನು ಸುಮ್ಮನಾದ ಮೇಲೂ ಹೊಡೆದೆ. ಒಡೆದ ಹಣ್ಣಿನ ಕೆಂಪು ಯಾವುದು, ಅವನದು ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

ಚಿಕ್ಕಮಾದಯ್ಯ ಕೆಸರಿನಲ್ಲಿ ಬಿದ್ದು ಎದ್ದು ಓಡಿಬಂದು ಹಿಂದಿನಿಂದ ನನ್ನನ್ನು ತಬ್ಬಿದ. "ಸತ್ತೋಯ್ತನೆ ಕಣ್ರೀ! ಬುಡ್ರೀ! ಮನ್ಸಾನೋ ಮೃಗಾನೋ ನೀವು!" ಮುದುಕನಿಗೆ ಅಷ್ಟು ಶಕ್ತಿ ಇದೆ ಎಂದು ತಿಳಿದಿರಲಿಲ್ಲ. ಕೊಳವೆ ಕಿತ್ತು ನೀರಿಗೆ ಎಸೆದ. ಬಗ್ಗಿ ಅವನ ಮೂಗಿನ ಹತ್ತಿರ ಬೆರಳು ಹಿಡಿದು, "ಉಸುರೈತೆ" ಎಂದು ಕೂಗಿ, ರಸ್ತೆಯ ಕಡೆ ಜನ ಕರೆಯಲು ಓಡಿದ.

ಆಗ ಬೆಳಕು ಬಂತು. ಬೋಳುಗುಡ್ಡದ ಎಡಭುಜದಿಂದ, ನಾನು ಲೆಕ್ಕ ಹಾಕಿದ ಜಾಗದಿಂದಲೇ. ಗೋಪುರದ ತುದಿ ಚಿನ್ನದ ಹಾಗೆ ಹೊತ್ತಿಕೊಂಡಿತು. ನೀರಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಒಂದು ಗುಡಿ ಮೇಲೆ, ಒಂದು ಗುಡಿ ಕೆಳಗೆ. ಕೈ ತೊಳೆದುಕೊಂಡು ಬಂದು ಕ್ಯಾಮೆರಾ ಹಿಡಿದೆ. ಫ್ರೇಮಿನ ಎಡಗಡೆಯ ಮೂಲೆಯಲ್ಲಿ ಅವನ ಕಾಲು ಬರುತ್ತಿತ್ತು. ಟ್ರೈಪಾಡು ಬಲಕ್ಕೆ ಸ್ವಲ್ಪ ಸರಿಸಿದೆ. ಅಂಥ ಬೆಳಕು ಹೆಚ್ಚು ಹೊತ್ತು ಇರುವುದಿಲ್ಲ.

ಏಪ್ರಿಲ್ 27, ಭಾನುವಾರ

ಯಾರೂ ಬಂದಿಲ್ಲ. ಬದುಕಿದ್ದಾನೆ, ಮೈಸೂರಿನ ಆಸ್ಪತ್ರೆಯಲ್ಲಿದ್ದಾನೆ. ಗಾಡಿಯಿಂದ ಬಿದ್ದ ಎಂದು ಅವನ ಮನೆಯವರೇ ಬರೆಸಿದ್ದಾರಂತೆ. ವೆಂಕಟೇಶ ಹೇಳಿದ. ಹೇಳುವಾಗ ಅಂಗಡಿಯ ಹೊರಗೇ ನಿಂತಿದ್ದ. ಟೀ ತಂದಿರಲಿಲ್ಲ.

ಮೂರು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೇ 11, ಭಾನುವಾರ

ಸಿದ್ದಯ್ಯನವರು ಹೇಳಿಕಳಿಸಿದ್ದರು. ಹಂಪಾಪುರದ ಅವರ ಜಗಲಿಯಲ್ಲಿ ರಾಜಿ. ನಾಲ್ಕೈದು ಹಿರಿಯರು. ಯತೀಶ ಬಂದಿರಲಿಲ್ಲ. ದವಡೆಗೆ ತಂತಿ ಕಟ್ಟಿದ್ದಾರಂತೆ, ಬಲಗಣ್ಣು ಇನ್ನು ಕಾಣುವುದಿಲ್ಲವಂತೆ. ಅವನ ಪರವಾಗಿ ತಾಯಿ ರುಕ್ಮಿಣಮ್ಮ ಬಂದು ಕಂಬಕ್ಕೊರಗಿ ಕೂತಿದ್ದರು.

"ಅತ್ಲಾಗೂ ಆಯ್ತು, ಇತ್ಲಾಗೂ ಆಯ್ತು. ಇಬ್ರೂ ಸ್ಟೇಷನ್ ಮೆಟ್ಲು ಅತ್ಬಾರ್ದು" ಎಂದರು ಸಿದ್ದಯ್ಯ. ಎಲ್ಲರೂ ಹೌದೆಂದರು. ಮದುವೆಯಲ್ಲಿ ನನ್ನನ್ನು ಬಿಡಿಸಲು ಒಬ್ಬರೂ ಮುಂದೆ ಬಂದಿರಲಿಲ್ಲ. ಇವತ್ತು ಮಜ್ಜಿಗೆ ಕೊಟ್ಟರು, ಫ್ಯಾನು ನನ್ನ ಕಡೆ ತಿರುಗಿಸಿದರು.

ಏಳುವಾಗ ರುಕ್ಮಿಣಮ್ಮ ನನ್ನನ್ನೇ ನೋಡುತ್ತ ಹೇಳಿದರು: "ನನ್ ಮಗ ಕುಡುದ್ರೆ ಮೃಗ. ಅದ ಇಲ್ಲ ಅನ್ನಕಿಲ್ಲ ಕಣಪ್ಪ. ಬೆಳಗಾದ್ರೆ ಅವನ್ಗೆ ಯಾವ್ದೂ ಗ್ಯಾನ ಇರಾಕಿಲ್ಲ. ನೀನು ಅವತ್ತು ಕುಡ್ದಿದ್ದಾ?"

"ಇಲ್ಲ" ಎಂದೆ.

"ಅಂಗಾ" ಎಂದರು. ಹಾಗೆ ಯಾಕೆ ಕೇಳಿದರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಾನು ಕುಡಿಯುವವನಲ್ಲ ಎಂದು ಇಡೀ ಕೋಟೆಗೆ ಗೊತ್ತು.

ಮೇ 22, ಗುರುವಾರ

ಮುಳುಗು ಗುಡಿಯನ್ನು ದೊಡ್ಡದು ಮಾಡಿಸಿ ಸ್ಟುಡಿಯೊದಲ್ಲಿ ಹಾಕಿದೆ. ಬಂದವರೆಲ್ಲ ನಿಂತು ನೋಡುತ್ತಾರೆ. "ದೇವ್ರೇ ಇಳ್ದು ಬಂದಂಗೈತೆ" ಎಂದಳೊಬ್ಬ ಹೆಂಗಸು. ಚಿಕ್ಕಮಾದಯ್ಯನಿಗೆ ಒಂದು ಪ್ರತಿ ಕಳಿಸಿದ್ದೆ. ಬಿಚ್ಚದೆ ಹಾಗೇ ವಾಪಸು ಬಂದಿದೆ. ಮುದುಕನ ಬುದ್ಧಿ.

ಸುಕನ್ಯಳ ಆರೋಗ್ಯ ನೋಡಿಸಬೇಕು. ಊಟಕ್ಕೆ ಬಡಿಸಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾಳೆ. ಮಧ್ಯಾಹ್ನ ಸೊಳ್ಳೆ ಓಡಿಸಲು ಕೈ ಎತ್ತಿದೆ, ಮುಖಕ್ಕೆ ಎರಡೂ ತೋಳು ಅಡ್ಡ ಹಿಡಿದು ಕೂತುಬಿಟ್ಟಳು. ಈ ಬಿಸಿಲಿಗೆ ರಕ್ತ ಕಡಿಮೆಯಾಗಿರಬೇಕು. ತವರಿಗೆ ಹೋಗಿ ಬರುತ್ತೇನೆ ಎನ್ನುತ್ತಾಳೆ. ಇನ್ನೊಂದು ತಿಂಗಳು ಹೋಗಲಿ, ಈಗ ಬೇಡ ಎಂದೆ. ಆಯ್ತು ಎಂದಳು. ಈಗೀಗ ಯಾವುದಕ್ಕೂ ಎದುರಾಡುವುದಿಲ್ಲ.

ಜೂನ್ 6, ಶುಕ್ರವಾರ

ಹುಣಸೂರಿನಲ್ಲಿ ಮದುವೆ. ಮೊದಲಿನಂತೆ ಕೆಲಸ ಸಾಗಿತು. ಮಾಲೆ ಹಾಕುವ ಹೊತ್ತಿಗೆ ವರನ ಗೆಳೆಯನೊಬ್ಬ ಕುಣಿಯುತ್ತ ಬಂದು ನನ್ನ ಟ್ರೈಪಾಡಿಗೆ ಎಡವಿದ. "ಲೇ ಕ್ಯಾಮ್ರಾ, ಕಣ್ ಕಾಣಲ್ವಾ, ದಾರೀಲ್ ಇಕ್ಕಿದ್ದೀಯ" ಎಂದು ಭುಜಕ್ಕೆ ಕೈ ಹಾಕಿ ತಳ್ಳಿದ. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನನಗೆ ಸಿಟ್ಟೇ ಬರಲಿಲ್ಲ. ನನ್ನಲ್ಲಿ ಈಗ ಎಷ್ಟು ಸಮಾಧಾನ ಬಂದಿದೆ ಎಂದು ನನಗೇ ಆಶ್ಚರ್ಯವಾಯಿತು.

ಊಟದ ಪಂಕ್ತಿಯಲ್ಲಿ ವಿಚಾರಿಸಿದೆ. ಹುಡುಗನ ಹೆಸರು ರಘು, ಊರು ಕಟ್ಟೆಮಳಲವಾಡಿ. ದಿನಾ ಬೆಳಿಗ್ಗೆ ಹೊಳೆಗೆ ಈಜಲು ಹೋಗುತ್ತಾನಂತೆ, ಒಬ್ಬನೇ.

ಅಲ್ಲಿ ಲಕ್ಷ್ಮಣತೀರ್ಥ ಹೊಳೆಗೆ ಕಟ್ಟಿದ ಹಳೇ ಕಟ್ಟೆಯೊಂದಿದೆ. ಮಳೆ ಹಿಡಿದರೆ ನೀರು ಅದರ ಮೇಲಿಂದ ಹಾಲು ಸುರಿದಂತೆ ಇಳಿಯುತ್ತದೆ ಎನ್ನುತ್ತಾರೆ. ಈ ಕಡೆಯವನಾಗಿಯೂ ನಾನು ಅದರ ಫೋಟೊ ತೆಗೆದೇ ಇಲ್ಲ. ಮುಂದಿನ ವಾರ ಒಂದು ಸಲ ಸುಮ್ಮನೆ ಹೋಗಿ, ಬೆಳಕು ಯಾವ ಕಡೆಯಿಂದ ಬರುತ್ತದೆ ನೋಡಿಕೊಂಡು ಬರುತ್ತೇನೆ.